ತಗಡಿನಿಂದ ಕೆರೆದ ಹೆಸರು

ರಾಬರ್ಟ್ ಹೋಮ್ 1794ರಲ್ಲಿ ಹೊರತಂದ ಮೈಸೂರು ಸೀಮೆಯ ಚಿತ್ರಗಳ ಬಗ್ಗೆ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ತಪ್ಪುತ್ತಿದ್ದೇನೆ. ಮಾತು ತಪ್ಪುವ ಯೋಚನೆ ಬಂದದ್ದೇ ತಡ, ಪಿರನೇಸಿ ನೆನಪಾದ.

ರೋಮಿನ ಪಾಳು ಕಟ್ಟಡಗಳನ್ನು ತಾಮ್ರದ ತಗಡಿನಲ್ಲಿ ಕೊರೆಯುತ್ತಿದ್ದ ಪಿರನೇಸಿಗೆ ಐರ್ಲೆಂಡಿನ ಚಾರ್ಲ್‌ಮಾಂಟ್ ಪ್ರಭು ಹಣದ ಆಸೆ ಹುಟ್ಟಿಸಿದ. ಒಂದು ಸಂಪುಟವೆಂದು ಶುರುವಾದದ್ದು ನಾಲ್ಕಾಯಿತು. ದುಡ್ಡು ಮಾತ್ರ ಬರಲಿಲ್ಲ. 1756ರಲ್ಲಿ ಪುಸ್ತಕ ಬಂತು. ಬೆನ್ನಿಗೇ ಅರ್ಪಣೆಯ ತಗಡಿನಿಂದ ಪ್ರಭುವಿನ ಹೆಸರನ್ನು ಕೆರೆದುಹಾಕಿದ, ಹಳೆಯ ರೋಮನ್ನರು ಬೇಡವಾದ ದೊರೆಯ ಹೆಸರನ್ನು ಕಲ್ಲಿನಿಂದ ಕೆತ್ತಿ ತೆಗೆದಂತೆ. ಮರುವರ್ಷ ಜಗಳದ ಕಾಗದಗಳನ್ನೂ ಅಚ್ಚುಹಾಕಿಸಿದ! ನಮ್ಮ ಕಡೆಯ ಶಾಸನಗಳಲ್ಲಿ ದತ್ತಿ ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ತಟ್ಟಲಿ ಎಂದಿರುತ್ತದಲ್ಲ, ಅದೇ ಜಾತಿಯ ಸಿಟ್ಟು.

ಪಿರನೇಸಿಯನ್ನು ಹೀಗೆ ಹೊಗಳಿದರೆ, ನಮ್ಮ ದೇಶದ ನೋಟಗಳನ್ನು ಚಿತ್ರಿಸಿದ ಇಂಗ್ಲಿಷ್ ಕಲಾವಿದರಾದ ಡೇನಿಯಲ್ಲರ ಪಕ್ಷದ ಗೆಳೆಯರು ಮುಖ ಸಿಂಡರಿಸುತ್ತಾರೆ. ಡೇನಿಯಲ್ಲರ 144 ಅಕ್ವಾಟಿಂಟುಗಳಲ್ಲಿ ಮಂಜಿದೆ, ಮರವಿದೆ, ಬಣ್ಣವಿದೆ; ಕಲ್ಲಿನ ತೂಕವಿಲ್ಲ. ಹಾನಗಲ್ಲಿನ ತಾರಕೇಶ್ವರನ ಗುಡಿಯೊಳಗೆ ನಿಂತು ತಾವರೆ ಛತ್ತಿಗೆ ಕತ್ತೆತ್ತಿದಾಗಲೆಲ್ಲ ನನಗನ್ನಿಸುವುದು, ಇದಕ್ಕೆ ಪಿರನೇಸಿಯ ಸೂಜಿಯೇ ಬೇಕಿತ್ತು. ಆ ತಾವರೆ ನಮ್ಮ ತಲೆಯ ಮೇಲೆ ಅರಳಿಲ್ಲ, ಜೋತುಬಿದ್ದಿದೆ.

ನಮ್ಮ ಪಾಲಿಗೆ ಬಂದದ್ದು ಸೂಜಿಯಲ್ಲ, ಕ್ಯಾಮೆರಾ. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಪುಸ್ತಕ 1866ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಡಾಕ್ಟರ್ ಪಿಗೂ, ನೀಲ್, ಬಿಗ್ಸ್ ತೆಗೆದ ಫೋಟೋಗಳು. ಇತಿಹಾಸ ಮೆಡೋಸ್ ಟೇಲರನದು. ಶಿಲ್ಪದ ಮಾತು ಫರ್ಗ್ಯುಸನ್ನನದು, ಹಿಂದೆ ಬಂಗಾಳದಲ್ಲಿ ನೀಲಿಯ ವ್ಯಾಪಾರ ಮಾಡಿದವನು. ದುಡ್ಡು ಯಾರದು? ಮುಂಬಯಿಯ ಹತ್ತಿ ದೊರೆ ಪ್ರೇಮಚಂದ್ ರಾಯಚಂದನದು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ನಿಂತು, ನಮ್ಮ ಎರೆಹೊಲದ ಹತ್ತಿಗೆ ಚಿನ್ನದ ಬೆಲೆ ಬಂದಿದ್ದ ಕಾಲ. ಧಾರವಾಡದ ಹತ್ತಿ ಮುಂಬಯಿಗೆ ಹೋಯಿತು, ಅಲ್ಲಿಯ ದುಡ್ಡು ಧಾರವಾಡದ ಗುಡಿಗಳ ಚಿತ್ರಕ್ಕೆ ಬಂತು. ಈ ಸಾಲು ಬರೆಯಲೆಂದೇ ಹೋಮ್‌ನನ್ನು ಮುಂದಿನ ವಾರಕ್ಕೆ ತಳ್ಳಿದೆನೋ ಏನೋ.

1865ರಲ್ಲಿ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು, ಶೇರುಪೇಟೆ ನೆಲಕಚ್ಚಿತು, ಪ್ರೇಮಚಂದನೂ ಮುಳುಗಿದ. ಪುಸ್ತಕ ಅಂಗಡಿಗೆ ಬಂದಾಗ ಪೋಷಕನ ಕೈ ಬರಿದು. ಆದರೂ ಮುಖಪುಟದಲ್ಲಿ ಅವನ ಹೆಸರು ಹಾಗೇ ಇದೆ, ಯಾರೂ ಕೆರೆದಿಲ್ಲ.