ಅಂಬಾಸಿಡರ್ ಪಕ್ಕದಲ್ಲಿ ಇನ್ನೋವಾ: ಹೊಸ ರಸಿಕರಿಗೆ

ಹಳೆಯ ಕಾರನ್ನು ಒಂಟಿಯಾಗಿ ನೋಡಿದರೆ ಅದರ ಹೊಳಪಷ್ಟೇ ಕಾಣುತ್ತದೆ. ಪಕ್ಕದಲ್ಲಿ ಇಂದಿನ ಸಂಸಾರದ ಗಾಡಿಯೊಂದು ನಿಂತರೆ ಅದರ ಬುದ್ಧಿ ಕಾಣುತ್ತದೆ. ಕಲಿಯುವವರಿಗೆ ನಾನು ಹೇಳುವ ಜೋಡಿ ಅಂಬಾಸಿಡರ್ ಮತ್ತು ಇನ್ನೋವಾ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲೇ ಮೂಡಿದ ಅಂಬಾಸಿಡರ್, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಯಿತು. ಇನ್ನೋವಾ 2005ರಲ್ಲಿ ಕ್ವಾಲಿಸ್‌ನ ಜಾಗಕ್ಕೆ ಬಂತು. ನಮ್ಮ ಬಿಡದಿಯಲ್ಲೇ ತಯಾರಾಗುವ ಗಾಡಿ.

ಬಣ್ಣ, ಕ್ರೋಮ್ ಆಮೇಲೆ ನೋಡಿದರಾಯಿತು. ಮೊದಲು ಬಗ್ಗಿ ಅಡಿಭಾಗ ನೋಡಿ. ಅಂಬಾಸಿಡರ್‌ಗೆ ಬೇರೆ ಚಾಸಿಯೇ ಇಲ್ಲ, ಬಾಡಿಯೇ ಭಾರ ಹೊರುತ್ತದೆ. 2005ರ ಇನ್ನೋವಾ ಮಾತ್ರ ಲಾರಿಯ ಹಾಗೆ ಏಣಿ ಚಾಸಿಯ ಮೇಲೆ ಕೂತಿದೆ! ಇನ್ನೋವಾ ಹೆಸರಿನ ಗಾಡಿಗೆ ಚಾಸಿಯಿಲ್ಲದ ಬಾಡಿ ಬಂದದ್ದು 2022ರ ಹೈಕ್ರಾಸ್‌ನಲ್ಲಿ. ಹೊಸದೆಲ್ಲ ಹಳೆಯದಕ್ಕಿಂತ ಒಂದು ಹೆಜ್ಜೆ ಮುಂದೆ ಎಂಬ ಲೆಕ್ಕ ಇಲ್ಲೇ ಬಿದ್ದುಹೋಗುತ್ತದೆ.

ಈಗ ಚಾಲಕನ ಸೀಟಿಗೆ ಬನ್ನಿ. ಹಳೆಯ ಅಂಬಾಸಿಡರ್‌ಗಳಲ್ಲಿ ಗೇರ್ ಕಡ್ಡಿ ಸ್ಟಿಯರಿಂಗ್ ಕಂಬದ ಮೇಲಿದೆ. ನೆಲ ಖಾಲಿ ಬಿಟ್ಟಿದ್ದರಿಂದಲೇ ಮುಂದಿನ ಉದ್ದ ಸೀಟಿನಲ್ಲಿ ಮೂವರು ಕೂರಬಹುದಿತ್ತು. ಒಂದನೇ ಗೇರಿಗೆ ಸಿಂಕ್ರೊ, ಅಂದರೆ ಗೇರುಗಳ ವೇಗ ಹೊಂದಿಸುವ ಭಾಗ, ಇಲ್ಲ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಾಕಹೋದರೆ ಹಲ್ಲು ಕಡಿಯುತ್ತದೆ. ಚಳಿಯ ಬೆಳಗ್ಗೆ ಚೋಕ್ ಎಳೆದು ಎಂಜಿನ್‌ಗೆ ಪೆಟ್ರೋಲಿನ ಅಂಶ ಹೆಚ್ಚಿಸಬೇಕು. ಬಿಸಿಯೇರಿದ ಹಾಗೆ, ಸದ್ದು ಕೇಳಿಕೊಂಡೇ ಅದನ್ನು ಒಳತಳ್ಳಬೇಕು. ಇನ್ನೋವಾದಲ್ಲಿ ಇಂಧನ ಅಳೆಯುವ ಕೆಲಸ ಕಂಪ್ಯೂಟರಿನದು, ನಿಮ್ಮ ಕಿವಿಗೆ ಬಿಡುವು. ನನಗೆ ಹಳೆಯ ಕಾರಿನ ರಸವೆಲ್ಲ ಈ ಕಿವಿಯ ಕೆಲಸದಲ್ಲೇ ಇದೆ.

ಅಂಬಾಸಿಡರ್‌ನ 1489 ಸಿಸಿ ಎಂಜಿನ್‌ನಲ್ಲಿ ಸಿಲಿಂಡರಿನ ಅಗಲ ಸುಮಾರು 73 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 89. ಇಂಥ ಉದ್ದ ಸ್ಟ್ರೋಕ್‌ನ ಎಂಜಿನ್ ಓಟಕ್ಕಿಂತ ಎಳೆತಕ್ಕೆ ಒಗ್ಗುತ್ತದೆ. ಘಾಟಿಯ ಏರಿನಲ್ಲಿ ಅವಸರವಿಲ್ಲದ ಆ ದುಡಿತ ಕೇಳಿ. ಹಿಂದಿನ ಸೀಟಿನಲ್ಲೂ ಒಮ್ಮೆ ಕೂತು ನೋಡಿ: ಪಟ್ಟಿ ಸ್ಪ್ರಿಂಗಿನ ಮೇಲೆ ಉಬ್ಬು ದಾಟುವುದಕ್ಕೂ ಇನ್ನೋವಾದ ಸುರುಳಿ ಸ್ಪ್ರಿಂಗಿನ ಮೇಲೆ ದಾಟುವುದಕ್ಕೂ ಇರುವ ವ್ಯತ್ಯಾಸ ಬೆನ್ನಿಗೇ ಗೊತ್ತಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನ್ನದು ರಾಜಿಯಿಲ್ಲದ ಮಾತು. ದಪ್ಪ ತಗಡಿನ ಹಳೆಯ ಗಾಡಿಯೇ ಅಪಘಾತದಲ್ಲಿ ಕಾಪಾಡುತ್ತದೆಂದು ಹಲವರು ನಂಬಿದ್ದಾರೆ. ಅದು ತಪ್ಪು. ಗುದ್ದಿದಾಗ ಗಾಡಿಯ ಮೂತಿ ಲೆಕ್ಕಾಚಾರದಂತೆ ಮಡಚಿಕೊಂಡು ಪೆಟ್ಟು ನುಂಗಬೇಕು; ಇಲ್ಲವಾದರೆ ಅದು ಒಳಗಿದ್ದವರ ಎದೆಗೆ ಬರುತ್ತದೆ. ಅಂಬಾಸಿಡರ್ ರೂಪುಗೊಂಡ ಕಾಲಕ್ಕೆ ಈ ಎಚ್ಚರ ಇರಲಿಲ್ಲ. ಮಕ್ಕಳೊಂದಿಗೆ ಹೆದ್ದಾರಿ ಹಿಡಿಯುವುದಾದರೆ ಏರ್‌ಬ್ಯಾಗ್ ಇರುವ ಹೊಸ ಗಾಡಿ ಹತ್ತಿ, ಎಲ್ಲರಿಗೂ ಬೆಲ್ಟ್ ಹಾಕಿಸಿ. ಅಂಬಾಸಿಡರ್ ಸವಾರಿಗೆ ವಾಹನ ಸಂಚಾರ ಕಡಿಮೆಯಿರುವ ಭಾನುವಾರದ ಬೆಳಗ್ಗೆ, ಊರ ಒಳರಸ್ತೆ ಸಾಕು.