ಕಣ್ಣಿಗೆ ಬೀಳದ ಮಾಸ್ತರರು

ಬಿಲ್ಲಿ ಜೀನ್ ಇಸ್ಬೆಲ್ ಅವರ ‘ಟು ಡಿಫೆಂಡ್ ಅವರ್‌ಸೆಲ್ವ್ಸ್’ (1978) ಪೆರುವಿನ ಆಯಾಕುಚೊ ಪ್ರಾಂತದ ಚುಸ್ಚಿ ಎಂಬ ಹಳ್ಳಿಯ ಅಧ್ಯಯನ. 3,000 ಮೀಟರಿಗೂ ಎತ್ತರದಲ್ಲಿರುವ ಈ ಆಂಡೀಸ್ ಊರಿಗೆ 1967ರಿಂದ 1975ರ ನಡುವೆ ಹಲವು ಬಾರಿ ಹೋಗಿ ತಂಗಿ ಅವರು ಬರೆದದ್ದು. ಪುಸ್ತಕ ಹೊರಬಂದ ಎರಡು ವರ್ಷಕ್ಕೆ, 1980ರ ಮೇ 17ರಂದು, ಅದೇ ಚುಸ್ಚಿಯಲ್ಲಿ ಮುಸುಕು ಹಾಕಿದ ಕೆಲವರು ಮತಪೆಟ್ಟಿಗೆಗಳನ್ನು ಸುಟ್ಟರು. 12 ವರ್ಷಗಳ ಸೈನಿಕ ಆಡಳಿತದ ಬಳಿಕ ಮರುದಿನವೇ ಚುನಾವಣೆ ಇತ್ತು. ಸೆಂದೆರೊ ಲುಮಿನೊಸೊ ಎಂಬ ಮಾವೋವಾದಿ ಪಕ್ಷದ ಯುದ್ಧ ಹಾಗೆ ಶುರುವಾಯಿತು. ಸತ್ತವರು, ಕಾಣೆಯಾದವರು ಸುಮಾರು 69,000 ಎಂದು ಸತ್ಯಶೋಧನ ಆಯೋಗ 2003ರಲ್ಲಿ ಅಂದಾಜಿಸಿತು. ಬಲಿಯಾದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನರ ಮನೆಮಾತು ಸ್ಪಾನಿಷ್ ಅಲ್ಲ. ಕೆಚುವಾ ಅಥವಾ ಆ ನೆಲದ ಇನ್ನೊಂದು ಭಾಷೆ. ಎರಡು ಭಾಷೆಗಳ ಅಂಚಿನಲ್ಲಿ ಬದುಕುವ ನಮ್ಮಂಥವರು ಈ ಮಾತನ್ನು ಸುಮ್ಮನೆ ದಾಟಿಹೋಗಲಾರೆವು.

ಅಷ್ಟು ವರ್ಷ ಅಲ್ಲಿದ್ದ ಸಂಶೋಧಕಿಗೆ ಬರುತ್ತಿದ್ದ ಬಿರುಗಾಳಿ ಯಾಕೆ ಕಾಣಲಿಲ್ಲ? ಓರಿನ್ ಸ್ಟಾರ್ನ್ 1991ರ ತಮ್ಮ ಪ್ರಬಂಧದಲ್ಲಿ ಕೇಳಿದ್ದು ಇದನ್ನೇ. ಎಡ್ವರ್ಡ್ ಸೈದ್ ಅವರ ‘ಓರಿಯಂಟಲಿಸಂ’ ಕೂಡ 1978ರದ್ದೇ. ಅದರ ಜಾಡು ಹಿಡಿದು ಸ್ಟಾರ್ನ್ ‘ಆಂಡಿಯನಿಸಂ’ ಎಂಬ ಪದವನ್ನು ಹೂಡುತ್ತಾರೆ: ಬೆಟ್ಟದ ಜನರನ್ನು ಕಾಲದ ಹೊರಗೆ ನಿಲ್ಲಿಸಿ, ಇಂಕಾ ಕಾಲದ ಪಳೆಯುಳಿಕೆಗಳಂತೆ ನೋಡುವ ದೃಷ್ಟಿ. ಇಸ್ಬೆಲ್ ಪುಸ್ತಕವೇ ಅವರ ಮುಖ್ಯ ಗುರಿ.

ಆರೋಪ ಅರ್ಧ ಮಾತ್ರ ನಿಜ ಎಂದು ನನಗೆ ತೋರುತ್ತದೆ. ಇಸ್ಬೆಲ್ ಅವರ ಕಣ್ಣು ಮಂಕಾದುದಲ್ಲ. ಸಪ್ಟೆಂಬರಿನಲ್ಲಿ ಊರಿಗೆ ಊರೇ ಸೇರಿ ನೀರಿನ ತೋಡು ಕೆರೆದು ಶುಚಿ ಮಾಡುವ ‘ಯರ್ಖ ಅಸ್ಪಿ’ ಹಬ್ಬದ ವರ್ಣನೆ ಓದಿ. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂಬ ‘ಐನಿ’ಯ ಲೆಕ್ಕಾಚಾರವನ್ನು ನೋಡಿ. ಲೀಮಾ ನಗರದ ಅಂಚಿಗೆ ವಲಸೆಹೋಗಿ ಗುಡಿಸಲು ಕಟ್ಟಿದ ಚುಸ್ಚಿಯವರ ಬೆನ್ನು ಹಿಡಿದು ಅಲ್ಲಿಗೂ ಅವರು ಹೋಗಿದ್ದಾರೆ. ಕಾಲದಾಚೆಯ ಊರನ್ನು ಹುಡುಕಿಹೋದವರಿಗೆ ಲೀಮಾ ಯಾಕೆ ಬೇಕಿತ್ತು? ಆದರೆ ಚೌಕಟ್ಟು ಬೇರೆ ಮಾತು. ಊರು ತನ್ನನ್ನು ಕಾಪಾಡಿಕೊಳ್ಳಲು ಒಳಮುಖವಾಗಿ ಮುಚ್ಚಿಕೊಳ್ಳುತ್ತದೆ ಎಂಬುದು ಪುಸ್ತಕದ ವಾದ. ಅದರ ಹೆಸರೂ ಅದೇ. ಒಳಗಿನವರು ‘ಕೊಮುನೇರೊ’ಗಳು. ಹೊರಗಿನವರು ‘ಖಾಲಾ’ಗಳು, ಎಂದರೆ ಸಿಪ್ಪೆ ಸುಲಿದವರು, ಬೆತ್ತಲೆಯವರು: ಸ್ಪಾನಿಷ್ ಆಡುವ, ಪೇಟೆಯ ಉಡುಪು ತೊಡುವ ಅಂಗಡಿಯವರು, ಅಧಿಕಾರಿಗಳು, ಶಾಲಾ ಮಾಸ್ತರರು.

ನನ್ನ ತಕರಾರು ಇರುವುದು ಈ ಮಾಸ್ತರರ ವಿಷಯದಲ್ಲಿ. ಕ್ಷೇತ್ರಕಾರ್ಯಕ್ಕೆ ಬಂದ ಅತಿಥಿಗೆ ಊರವರು ತೋರಿಸುವುದು ಹಬ್ಬವನ್ನು. ಅತಿಥಿ ದೂರದಿಂದ ಬಂದದ್ದೂ ಅದಕ್ಕೇ. ಪುಸ್ತಕ, ಪೆನ್ನು, ಪಟ್ಟಣದ ಉಡುಪು, ಕಲಿತ ಭಾಷೆಯ ಮಾಸ್ತರ ಸಂಶೋಧಕನಂತೆಯೇ ಇದ್ದಾನೆ. ತನ್ನಂತೆ ಇರುವವನನ್ನು ಅಧ್ಯಯನ ಮಾಡಲು ಯಾರೂ ಸಾಗರ ದಾಟುವುದಿಲ್ಲ. ಆಯಾಕುಚೊದ ವಾಮಾಂಗ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ, ಇಸ್ಬೆಲ್ ಅವರ ಗುರು ಟಾಮ್ ಜೌದೆಮಾ ಮಾನವಶಾಸ್ತ್ರ ಕಲಿಸುತ್ತಿದ್ದರು. ಅದೇ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಹೇಳುತ್ತಿದ್ದವನು ಸೆಂದೆರೊದ ನಾಯಕ ಅಬಿಮಾಯೆಲ್ ಗುಸ್ಮಾನ್. ಒಬ್ಬರ ಶಿಷ್ಯರು ಹಳ್ಳಿಗೆ ಹೋಗಿ ಬಂಧುತ್ವದ ನಕ್ಷೆ ಬರೆದರು. ಇನ್ನೊಬ್ಬನ ಶಿಷ್ಯರು ಮಾಸ್ತರರಾಗಿ ಹೋದರು. ಸೆಂದೆರೊದ ಬೇರು ಇಂಕಾ ನೆನಪಿನಲ್ಲಿಲ್ಲ, ಓದಿದರೂ ದಾರಿ ಕಾಣದ ಪ್ರಾಂತೀಯ ಯುವಕರಲ್ಲಿದೆ ಎಂದು ಕಾರ್ಲೋಸ್ ಇವಾನ್ ದೆಗ್ರೆಗೋರಿ ಮುಂದೆ ತೋರಿಸಿಕೊಟ್ಟರು.

ಎಲ್ಲಿ ಬಿಡಾರ ಹೂಡುತ್ತೇವೋ ಅಲ್ಲಿಂದಲೇ ಊರು ಕಾಣುತ್ತದೆ. ನಮ್ಮವರೇ ಆದ ಎಂ. ಎನ್. ಶ್ರೀನಿವಾಸ್ 1948ರಲ್ಲಿ ರಾಂಪುರದ ಪಟೇಲರ ಎತ್ತಿನ ಮನೆಯಲ್ಲಿ ತಂಗಿದರು. 1970ರಲ್ಲಿ ಟಿಪ್ಪಣಿಗಳು ಬೆಂಕಿಗೆ ತುತ್ತಾದ ಮೇಲೆ ನೆನಪಿನಿಂದಲೇ ‘ದ ರಿಮೆಂಬರ್ಡ್ ವಿಲೇಜ್’ (1976) ಬರೆದರು. ಅಲ್ಲಿ ತನ್ನ ಜಾತಿ, ತಂಗುದಾಣ, ಬೇಸರ ಎಲ್ಲವೂ ಪುಟದ ಮೇಲಿವೆ. ಹಾಗಾಗಿ ಏನು ಕಾಣಿಸಿರಲಾರದು ಎಂದು ಓದುಗನೇ ಊಹಿಸಬಹುದು. ಇಸ್ಬೆಲ್ ಅವರ ಪುಸ್ತಕದಲ್ಲಿ ಆ ಅವಕಾಶ ಕಡಿಮೆ. ಬಂಧುತ್ವದ ನಕ್ಷೆಗಳ ಹಿಂದೆ ಬರೆದವರ ದಿನಚರಿ ಮರೆಯಾಗುತ್ತದೆ.

ಇದು ಬರೀ ವಿದ್ವಾಂಸರ ಜಗಳವಲ್ಲ. 1983ರ ಜನವರಿಯಲ್ಲಿ ಉಚುರಕ್ಕಾಯ್ ಎಂಬ ಹಳ್ಳಿಯಲ್ಲಿ ಎಂಟು ಮಂದಿ ಪತ್ರಕರ್ತರ ಕೊಲೆಯಾಯಿತು. ಮಾರಿಯೊ ವರ್ಗಾಸ್ ಯೋಸಾ ಅವರ ಆಯೋಗ ಮಾನವಶಾಸ್ತ್ರಜ್ಞರ ಸಲಹೆ ಪಡೆದೇ ವರದಿ ಬರೆಯಿತು. ಪಟ್ಟಣದ ಪೆರು, ಹಳೆಗಾಲದಲ್ಲೇ ಉಳಿದ ಬೆಟ್ಟದ ಪೆರು ಎಂಬ ಎರಡು ಲೋಕಗಳ ಚಿತ್ರ ಅದರಲ್ಲಿ ಬಂತು. ಸಂತೆಗೆ, ಲೀಮಾಕ್ಕೆ ಹೋಗಿಬರುತ್ತಿದ್ದ ಆ ಊರಿನ 135 ಮಂದಿ ಮುಂದಿನ ದಿನಗಳಲ್ಲಿ ಹತರಾದರು. ವಿದ್ವಾಂಸರ ಚೌಕಟ್ಟು ಸರಕಾರದ ಕೈಗೆ ಸಿಕ್ಕಿದರೆ ಏನಾಗುತ್ತದೆಂಬುದಕ್ಕೆ ಸ್ಟಾರ್ನ್‌ಗಿಂತಲೂ ಗಟ್ಟಿಯಾದ ಸಾಕ್ಷಿ ಇದು.

ಹಾಗೆಂದು ಸ್ಟಾರ್ನ್ ಅವರಿಗೆ ಪೂರ್ತಿ ಅಂಕ ಕೊಡಲಾರೆ. ಅವರು ಕ್ಷೇತ್ರಕಾರ್ಯ ಮಾಡಿದ್ದು ಉತ್ತರದಲ್ಲಿ, ರಾತ್ರಿ ಕಾವಲಿನ ರೈತ ಪಡೆಗಳ ನಡುವೆ. ಬರೆದದ್ದು ಯುದ್ಧ ಶುರುವಾಗಿ 11 ವರ್ಷ ಕಳೆದ ಮೇಲೆ. ಮಳೆ ನಿಂತ ಮೇಲೆ ಮೋಡ ಗುರುತಿಸುವುದು ಸುಲಭ. ಇಸ್ಬೆಲ್ ಕೊನೆಗೂ ಆಯಾಕುಚೊವನ್ನು ಬಿಡಲಿಲ್ಲ. 2009ರಲ್ಲಿ ‘ಫೈಂಡಿಂಗ್ ಚೋಲಿಟಾ’ ತಂದರು. ಅದು ನಕ್ಷೆಗಳ ಪುಸ್ತಕವಲ್ಲ. ಯುದ್ಧ ಹಾದುಹೋದ ನಾಡಿನಲ್ಲಿ ನಡೆಯುವ ಕತೆ. ಅದರಲ್ಲಿ ಮಾನವಶಾಸ್ತ್ರಜ್ಞೆಯೂ ಒಂದು ಪಾತ್ರ.