ಕಂದುವರ್ಣದ ಸಾಕ್ಷ್ಯ: ಕುಸುಬೆ ಎಣ್ಣೆಯನ್ನು ಕುರಿತ ಒಂದು ವಾದದ ವಿಮರ್ಶೆ

ವಿಜಯಪುರ, ತಿಕೋಟಾ, ಬಬಲೇಶ್ವರಗಳ ಆಹಾರಪದ್ಧತಿಯ ಪ್ರಸ್ತಾಪ ಬಂದಾಗಲೆಲ್ಲ ಒಂದು ವಾದವು ಕೇಳಿಬರುವುದುಂಟು. ಇ ಜೀವಸತ್ತ್ವದ ಕೊರತೆಯಿಂದ ದೇಹದಲ್ಲಿ ಕಂದುವರ್ಣದ ದ್ರವ್ಯವು ಸಂಚಯವಾಗುತ್ತದೆ. ಮುದುಕರ ಕೈಮೇಲಿನ ಕಲೆಗಳೇ ಅದಕ್ಕೆ ಸಾಕ್ಷಿ. ಜೋಳದ ರೊಟ್ಟಿಯೊಡನೆ ಕುಸುಬೆ ಎಣ್ಣೆಯನ್ನು ಉಣ್ಣುತ್ತಿದ್ದ ನಮ್ಮ ಹಿರಿಯರಿಗೆ ಈ ಪೀಡೆ ಇರಲಿಲ್ಲ. ಇತಿಹಾಸದ ಹೆಸರಿನಲ್ಲಿ ಮಾಡಲಾಗುವ ಈ ವಾದವನ್ನು ಇತಿಹಾಸದ ವಿದ್ಯಾರ್ಥಿಗಳು ಪರೀಕ್ಷಿಸದೆ ಬಿಡಲಾಗದು.

ವಾದದ ಮೊದಲನೆಯ ಭಾಗಕ್ಕೆ ಆಧಾರವುಂಟು. ಇ ಜೀವಸತ್ತ್ವವನ್ನು ಇವಾನ್ಸ್ ಮತ್ತು ಬಿಷಪ್ ಎಂಬ ವಿದ್ವಾಂಸರು 1922ರಲ್ಲಿ ಇಲಿಗಳ ಸಂತಾನಶಕ್ತಿಯನ್ನು ಪರಿಶೀಲಿಸುತ್ತಿದ್ದಾಗ ಗುರುತಿಸಿದರು. 1941ರಲ್ಲಿ ಲಿಲ್ಲಿ, ಡಾಫ್ಟ್ ಮತ್ತು ಸೆಬ್ರೆಲ್ ಎಂಬವರು ಕೊರತೆಯ ಆಹಾರದಿಂದ ಕೆಟ್ಟ ಇಲಿಯ ಯಕೃತ್ತಿನಲ್ಲಿ ಮೇಣದಂತಹ ಹಳದಿಗಂದು ದ್ರವ್ಯವನ್ನು ಕಂಡು, ಅದನ್ನು 'ಸೆರಾಯ್ಡ್' ಎಂದು ಕರೆದರು. ಮೀನೆಣ್ಣೆಯಂತಹ ಅಸಂತೃಪ್ತ ಕೊಬ್ಬನ್ನು ಹೆಚ್ಚಾಗಿ ತಿನ್ನಿಸಿ ಇ ಜೀವಸತ್ತ್ವವನ್ನು ತಡೆಹಿಡಿದರೆ ಈ ದ್ರವ್ಯವು ಹೆಚ್ಚುವುದೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಕೊಬ್ಬು ಉತ್ಕರ್ಷಣಗೊಂಡು, ಪ್ರೋಟೀನಿನೊಡನೆ ಬೆಸೆದು, ಜೀವಕೋಶವು ಜೀರ್ಣಿಸಿಕೊಳ್ಳಲಾರದ ಕಸವಾಗಿ ಉಳಿಯುವುದೇ ಇದರ ಮರ್ಮ. ಆ ಉತ್ಕರ್ಷಣವನ್ನು ತಡೆಯುವುದು ಇ ಜೀವಸತ್ತ್ವದ ಕೆಲಸ.

ಎರಡನೆಯ ಭಾಗವು ನಿಲ್ಲುವುದಿಲ್ಲ. ಮುದುಕರ ಕೈಮೇಲಿನ ಕಲೆಗಳು ಬಹುಮಟ್ಟಿಗೆ ಬಿಸಿಲಿನಿಂದ ಹೆಚ್ಚಿದ ಮೆಲನಿನ್ನಿನ ಕಲೆಗಳು. ಅವು ಸೆರಾಯ್ಡ್ ಅಲ್ಲ. ಸೆರಾಯ್ಡಿನ ಬಂಧುವಾದ ಲಿಪೋಫಸ್ಕಿನ್ ಹೃದಯ, ಯಕೃತ್ತು, ನರಕೋಶಗಳಲ್ಲಿ ವಯಸ್ಸಾದಂತೆ, ಚೆನ್ನಾಗಿ ಉಂಡವರಲ್ಲಿಯೂ, ಕೂಡಿಬರುತ್ತದೆ. ಮಕ್ಕಳ ನರಕೋಶಗಳಲ್ಲಿ ಇಂತಹುದೇ ದ್ರವ್ಯವು ತುಂಬುವ ಆನುವಂಶಿಕ ರೋಗಗಳೂ ಇವೆ; ಅವುಗಳ ಕಾರಣ ವಂಶವಾಹಿಯ ದೋಷವೇ ಹೊರತು ಆಹಾರವಲ್ಲ. ಒಂದೇ ಬಣ್ಣವನ್ನು ಕಂಡು ಒಂದೇ ಕಾರಣವನ್ನು ಊಹಿಸುವುದು, ಒಂದೇ ಲಿಪಿಯನ್ನು ಕಂಡು ಎಲ್ಲ ಶಾಸನಗಳನ್ನೂ ಒಬ್ಬನೇ ಅರಸನಿಗೆ ಸಲ್ಲಿಸಿದಂತೆ.

ಇಲಿಯಿಂದ ಮನುಷ್ಯನಿಗೆ ದಾಟುವಲ್ಲಿಯೂ ಎಚ್ಚರ ಬೇಕು. ಅಮೆರಿಕದ ಇಲಿನಾಯ್ ಪ್ರಾಂತದ ಎಲ್ಜಿನ್ ಮಾನಸಿಕ ಆಸ್ಪತ್ರೆಯಲ್ಲಿ ಹಾರ್ವಿಟ್ ಎಂಬವರು 1950ರ ದಶಕದಲ್ಲಿ ರೋಗಿಗಳಿಗೆ ವರ್ಷಗಟ್ಟಲೆ ಇ ಜೀವಸತ್ತ್ವ ಕಡಿಮೆಯಿರುವ ಆಹಾರವನ್ನು ಕೊಟ್ಟು ನೋಡಿದರು. (ಮಾನಸಿಕ ರೋಗಿಗಳನ್ನು ಇದಕ್ಕೆ ಬಳಸಿದ್ದು ಸರಿಯೆ ಎಂಬ ಪ್ರಶ್ನೆಯನ್ನು ಇಂದಿನ ಓದುಗನು ಕೇಳದಿರಲಾರನು.) ರಕ್ತದಲ್ಲಿ ಅದರ ಪ್ರಮಾಣವು ಬಹು ನಿಧಾನವಾಗಿ ಇಳಿಯಿತು, ಕೆಂಪುಕಣಗಳು ದುರ್ಬಲವಾದುವೇ ಹೊರತು ಇಲಿಗಳಲ್ಲಿ ಕಂಡ ಘೋರ ವಿಕಾರಗಳು ತೋರಲಿಲ್ಲ. ಮನುಷ್ಯರಲ್ಲಿ ತೀವ್ರವಾದ ಕೊರತೆಯುಂಟಾಗುವುದು ಹೆಚ್ಚಾಗಿ ಕೊಬ್ಬನ್ನು ಹೀರಿಕೊಳ್ಳಲಾರದ ರೋಗಗಳಲ್ಲಿ. ಅಂತಹವರಲ್ಲಿ ಕೆಲವರ ಕರುಳಿನ ಸ್ನಾಯುಪದರವು ಈ ದ್ರವ್ಯದಿಂದಲೇ ಕಂದುಬಣ್ಣಕ್ಕೆ ತಿರುಗುತ್ತದೆ.

ಇನ್ನು ಕುಸುಬೆ. ನಮ್ಮ ಕರಿಯ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಜೊತೆಗೆ, ದನಗಳು ನುಗ್ಗದಂತೆ ಅಂಚಿನ ಮುಳ್ಳುಸಾಲಾಗಿಯೂ, ಇದನ್ನು ಬಿತ್ತುತ್ತ ಬಂದಿದ್ದಾರೆ. ಇದರ ಎಣ್ಣೆಯಲ್ಲಿ ಇ ಜೀವಸತ್ತ್ವ ಧಾರಾಳವಾಗಿದೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಸಾಮಾನ್ಯ ತಳಿಗಳ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ, ಅಂದರೆ ಇ ಜೀವಸತ್ತ್ವದ ಅಗತ್ಯವನ್ನೇ ಹೆಚ್ಚಿಸುವ ಕೊಬ್ಬು. ಕಾಯಿಸಿದಂತೆಲ್ಲ, ಬಹುಕಾಲ ಇಟ್ಟಂತೆಲ್ಲ ರಕ್ಷಕವು ಕ್ಷಯಿಸುತ್ತದೆ. ಎಣ್ಣೆಯ ಹೆಸರನ್ನು ಹೇಳಿದ ಮಾತ್ರಕ್ಕೆ ಸಾಲದು. ಅದನ್ನು ಎಷ್ಟು, ಹೇಗೆ ಬಳಸಿದರೆಂಬುದನ್ನೂ ಹೇಳಬೇಕು.

ಹಿರಿಯರ ಆರೋಗ್ಯದ ಮಾತಿಗೆ ಆಧಾರವೆಲ್ಲಿ? 1884ರ ಬಿಜಾಪುರ ಗ್ಯಾಝೆಟಿಯರಿನಲ್ಲಿ ಇದನ್ನು ಹುಡುಕಿ ಫಲವಿಲ್ಲ. ಜೀವಸತ್ತ್ವವೆಂಬ ಕಲ್ಪನೆಗೆ ಫುಂಕ್ ಹೆಸರಿಟ್ಟುದೇ 1912ರಲ್ಲಿ. ಅದೂ ಅಲ್ಲದೆ, 1872ರ ಗಣತಿಯಲ್ಲಿ 8 ಲಕ್ಷವನ್ನು ದಾಟಿದ್ದ ಈ ಜಿಲ್ಲೆಯ ಜನಸಂಖ್ಯೆಯು, 1876-78ರ ಕ್ಷಾಮದ ತರುವಾಯ, 1881ರಲ್ಲಿ ಆರೂವರೆ ಲಕ್ಷಕ್ಕಿಂತ ಕೆಳಗಿಳಿಯಿತು. ಆ ತಲೆಮಾರಿನ ಅನೇಕರಿಗೆ ವೃದ್ಧಾಪ್ಯವೇ ಲಭಿಸಲಿಲ್ಲ. ಹೀಗಿರುವಾಗ ಅವರಿಗೆ ಮುಪ್ಪಿನ ಕಲೆಗಳಿರಲಿಲ್ಲವೆಂಬುದು ಆರೋಗ್ಯದ ಪ್ರಮಾಣವೆ?

ತಿಕೋಟಾದ ಸುತ್ತ ದ್ರಾಕ್ಷಿಯ ತೋಟಗಳು ಹಬ್ಬಿ, ಜಿಲ್ಲೆಯಲ್ಲಿ ಕುಸುಬೆಯ ಬಿತ್ತನೆ ಕುಗ್ಗಿದೆ. ಗಾಣ ನಡೆಸಿದ ಮನೆತನಗಳಲ್ಲಿ ಹಳೆಯ ಲೆಕ್ಕಪತ್ರಗಳು ಉಳಿದಿದ್ದರೆ, ಒಂದು ಮನೆಗೆ ವರ್ಷಕ್ಕೆ ಎಷ್ಟು ಎಣ್ಣೆ ಹೋಗುತ್ತಿತ್ತೆಂಬುದನ್ನು ಅವುಗಳಿಂದ ಮೊದಲು ತಿಳಿಯತಕ್ಕದ್ದು.